ಕಪ್ಪು ಕೋಟಿನ ಕಾಲದ ಆಪರೇಷನ್: 19ನೇ ಶತಮಾನದ ವೈದ್ಯರು, ಕಥೆಗಾರರು, ಚಿತ್ರಕಾರರು – ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಹಳೇ ಕಾದಂಬರಿ ಓದುವ ಹುಚ್ಚು, ಹಳೇ ಚಿತ್ರ ನೋಡುವ ಹುಚ್ಚು, ಅಷ್ಟೇ. ಆದರೆ ಆ ಶತಮಾನದ ಪುಸ್ತಕ ಯಾವುದನ್ನು ತೆರೆದರೂ ಎಲ್ಲೋ ಒಂದು ಕಡೆ ಆಸ್ಪತ್ರೆಯ ವಾಸನೆ ಬರುತ್ತದೆ. ಅದರ ಬೆನ್ನು ಹತ್ತಿ ಹೋದೆ. ಈ ವಿಷಯ ಮಾತಿಗೆ ಬಂದಾಗಲೆಲ್ಲ ಗೆಳೆಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಊಟ ಮಾಡುತ್ತಾ ಓದಬೇಡಿ. ಅದರಲ್ಲೂ ಎರಡನೇ ಪ್ರಶ್ನೆ.

ಆಪರೇಷನ್ ಕೋಣೆಗೆ ‘ಥಿಯೇಟರ್’ ಅಂತ ಯಾಕೆ ಹೆಸರು?

ಯಾಕೆಂದರೆ ಅದು ನಿಜಕ್ಕೂ ಥಿಯೇಟರೇ ಆಗಿತ್ತು. ನಡುವೆ ಒಂದು ಮರದ ಮೇಜು. ಸುತ್ತಲೂ ಕುದುರೆ ಲಾಳದ ಆಕಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಸಾಲುಗಳು. ಅಲ್ಲಿ ವಿದ್ಯಾರ್ಥಿಗಳು ಒತ್ತೊತ್ತಾಗಿ ನಿಂತು ನೋಡುತ್ತಿದ್ದರು. ಮುಂದಿನವನ ತಲೆ ಅಡ್ಡ ಬಂದರೆ ಹಿಂದಿನವರು ಕೂಗಾಡುತ್ತಿದ್ದರು, ನಮ್ಮ ಟೆಂಟ್ ಸಿನಿಮಾದಲ್ಲಿ ಕೂಗುತ್ತಿದ್ದ ಹಾಗೆ.

ಲಂಡನ್‌ನ ಸೇಂಟ್ ಥಾಮಸ್ ಆಸ್ಪತ್ರೆ 1822ರಲ್ಲಿ ಪಕ್ಕದ ಚರ್ಚಿನ ಅಟ್ಟದಲ್ಲಿ ಹೆಂಗಸರಿಗಾಗಿ ಇಂಥ ಒಂದು ಥಿಯೇಟರ್ ಕಟ್ಟಿಸಿತು. ಅಟ್ಟವೇ ಯಾಕೆ? ಮೇಲಿಂದ ಬೆಳಕು ಬೀಳಬೇಕಿತ್ತು, ಕರೆಂಟು ಇರಲಿಲ್ಲವಲ್ಲ. ಮೇಜಿನ ಕೆಳಗೆ ಮರದ ಪುಡಿ ತುಂಬಿದ ಪೆಟ್ಟಿಗೆ. ಸುರಿಯುವ ರಕ್ತಕ್ಕೆ ತಕ್ಕಂತೆ ಅದನ್ನು ಕಾಲಿನಿಂದ ಅತ್ತಿತ್ತ ದೂಡುತ್ತಿದ್ದರು. ಸರ್ಜನ್ ಹಾಕುತ್ತಿದ್ದದ್ದು ಹಳೆಯ ಕಪ್ಪು ಕೋಟು. ರಕ್ತ ಒಣಗಿ ಅದು ಗಟ್ಟಿಯಾಗಿರುತ್ತಿತ್ತು. ಒಗೆಯುವ ಯೋಚನೆಯೇ ಇರಲಿಲ್ಲ. ಕೋಟು ಎಷ್ಟು ಗಟ್ಟಿಯೋ ಡಾಕ್ಟರಿಗೆ ಅಷ್ಟು ಅನುಭವ ಅನ್ನುವ ಲೆಕ್ಕ.

1862ರಲ್ಲಿ ಆಸ್ಪತ್ರೆ ಬೇರೆ ಕಡೆಗೆ ಹೋಯಿತು. ಅಟ್ಟದ ಬಾಗಿಲು ಮುಚ್ಚಿತು. 1956ರ ತನಕ ಅಲ್ಲೊಂದು ಥಿಯೇಟರ್ ಇದೆ ಅನ್ನುವುದೇ ಜನರಿಗೆ ಮರೆತುಹೋಗಿತ್ತು.

ಅರಿವಳಿಕೆ ಇಲ್ಲದ ಕಾಲದಲ್ಲಿ ಆಪರೇಷನ್ ಹೇಗಿತ್ತು? ರೋಗಿಗಳೇ ಬರೆದದ್ದು ಏನಾದರೂ ಇದೆಯಾ?

ಇದೆ. ಬರೆದವಳು ಆ ಕಾಲದ ಪ್ರಸಿದ್ಧ ಕಾದಂಬರಿಕಾರ್ತಿ ಫ್ಯಾನಿ ಬರ್ನಿ. ಇಂಗ್ಲಿಷಿನವಳು, ಗಂಡ ಫ್ರೆಂಚ್ ಸೇನಾಧಿಕಾರಿ. 1811ರಲ್ಲಿ ಪ್ಯಾರಿಸ್‌ನಲ್ಲಿದ್ದಳು, ವಯಸ್ಸು 59. ಬಲ ಸ್ತನದಲ್ಲಿ ಗಂಟು. ನೋಡಿದವರು ಕ್ಯಾನ್ಸರ್ ಎಂದರು. ಆಪರೇಷನ್ ಮಾಡಿದ್ದು ನೆಪೋಲಿಯನ್ನನ ಸೈನ್ಯದ ದೊಡ್ಡ ಸರ್ಜನ್ ಡೊಮಿನಿಕ್ ಲಾರೆ.

ಸೆಪ್ಟೆಂಬರ್ 30ರಂದು, ಇನ್ನು ಎರಡು ಗಂಟೆಯಲ್ಲಿ ಬರುತ್ತೇವೆ ಎಂದು ಹೇಳಿ ಕಳಿಸಿದರು. ಅಷ್ಟೇ ಮುನ್ಸೂಚನೆ. ಗಂಡನನ್ನು ಏನೋ ನೆಪ ಹೇಳಿ ಹೊರಗೆ ಕಳಿಸಿದ್ದಾಯಿತು. ಕಪ್ಪು ಬಟ್ಟೆಯ ಏಳು ಗಂಡಸರು ಮನೆಯೊಳಗೆ ಬಂದರು. ಹಳೆ ಹಾಸಿಗೆ, ಹಳೆ ಬಟ್ಟೆ ಕೇಳಿದರು. ಅವಳಿಗೆ ಕುಡಿಯಲು ಸ್ವಲ್ಪ ವೈನ್ ಪಾನೀಯ ಕೊಟ್ಟಿದ್ದರು. ಮುಖದ ಮೇಲೆ ತೆಳ್ಳನೆಯ ಕರವಸ್ತ್ರ ಹಾಸಿದರು.

ಆ ಕರವಸ್ತ್ರವೇ ಎಡವಟ್ಟಾಯಿತು. ಅದರ ಮೂಲಕ ಎಲ್ಲವೂ ಕಾಣುತ್ತಿತ್ತು. ಉಕ್ಕಿನ ಹೊಳಪು ಕಂಡಿತು. ಲಾರೆ ಗಾಳಿಯಲ್ಲಿ ಬೆರಳಾಡಿಸಿ ಒಂದು ಗೆರೆ, ಅದರ ಮೇಲೆ ಅಡ್ಡ ಗೆರೆ, ಆಮೇಲೆ ಒಂದು ವೃತ್ತ ಎಳೆದು ತೋರಿಸಿದ್ದು ಕಂಡಿತು. ಅಂದರೆ ಪೂರ್ತಿ ತೆಗೆಯುತ್ತಾರೆ ಎಂದು ಅವಳಿಗೆ ಗೊತ್ತಾದದ್ದು ಆ ಬೆರಳಿನಿಂದ. ಚಾಕು ಇಳಿದಾಗ ಶುರುವಾದ ಚೀರಾಟ ಕೊಯ್ಯುವಷ್ಟು ಹೊತ್ತೂ ನಿಲ್ಲಲಿಲ್ಲ. ಅದು ಇನ್ನೂ ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿಲ್ಲವಲ್ಲ ಎಂದು ಅವಳೇ ಆಶ್ಚರ್ಯಪಡುತ್ತಾಳೆ. ಎದೆಯ ಮೂಳೆಯನ್ನು ಚಾಕು ಕೆರೆದದ್ದನ್ನೂ ಬರೆದಿದ್ದಾಳೆ. ಸುಮಾರು 20 ನಿಮಿಷ. ಕೊನೆಗೆ ಕಣ್ಣು ಬಿಟ್ಟು ನೋಡಿದರೆ ಲಾರೆಯ ಮುಖವೇ ಬಿಳಿಚಿಕೊಂಡಿತ್ತು, ಅಲ್ಲಲ್ಲಿ ರಕ್ತ ಹತ್ತಿತ್ತು. ಅವನೂ ಹೆದರಿದ್ದ.

ಅಕ್ಕ ಎಸ್ತರ್‌ಗೆ ಬರೆದ ಕಾಗದದಲ್ಲಿ ಇದೆಲ್ಲ ಇದೆ. ಬರೆಯಲು ಶುರುಮಾಡಿದ್ದು ಆರು ತಿಂಗಳ ಮೇಲೆ, 1812ರ ಮಾರ್ಚ್‌ನಲ್ಲಿ. ಮುಗಿಸಲು ಮತ್ತೆ ತಿಂಗಳುಗಳು ಹಿಡಿದವು. ಬರೆದದ್ದನ್ನು ತಿರುಗಿ ಓದುವ ಧೈರ್ಯ ಅವಳಿಗೇ ಬರಲಿಲ್ಲ. ಅದು ನಿಜಕ್ಕೂ ಕ್ಯಾನ್ಸರ್ ಆಗಿತ್ತಾ ಅನ್ನುವ ಚರ್ಚೆ ಇವತ್ತಿಗೂ ಇದೆ. ಆದರೆ ಆಮೇಲೆ ಅವಳು 28 ವರ್ಷ ಬದುಕಿದಳು. 1840ರಲ್ಲಿ ತೀರಿಕೊಂಡಾಗ 87.

ಈ ಇಡೀ ಪುಟದಲ್ಲಿ ಒಂದೇ ಒಂದನ್ನು ಹುಡುಕಿ ಓದುವುದಾದರೆ ಆ ಕಾಗದ ಓದಿ.

ಎಲ್ಲರೂ ಹೀಗೆ ಚೀರುತ್ತಿದ್ದರಾ?

ಇಲ್ಲ. ಎಡಿನ್‌ಬರೋದ ಡಾಕ್ಟರ್ ಜಾನ್ ಬ್ರೌನ್ 1859ರಲ್ಲಿ ಪ್ರಕಟಿಸಿದ ‘ರ‍್ಯಾಬ್ ಅಂಡ್ ಹಿಸ್ ಫ್ರೆಂಡ್ಸ್’ ಎಂಬ ಸಣ್ಣ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಬ್ರೌನ್ ವಿದ್ಯಾರ್ಥಿಯಾಗಿದ್ದಾಗ, ಈಥರ್ ಎಂಬ ಅರಿವಳಿಕೆ ಬರುವುದಕ್ಕಿಂತ ಹದಿನೈದು ವರ್ಷಕ್ಕೂ ಹಿಂದೆ, ಕಂಡದ್ದರ ನೆನಪು ಅದು. ಏಲಿ ಎಂಬ ಬಡ ಮುದುಕಿ. ಅವಳಿಗೂ ಸ್ತನದ ಆಪರೇಷನ್ನೇ. ಗಂಡ ಜೇಮ್ಸ್ ಗಾಡಿ ಹೊಡೆಯುವವನು. ರ‍್ಯಾಬ್ ಅವರ ನಾಯಿ. ಅದನ್ನೂ ಒಳಗೆ ಬಿಟ್ಟಿರುತ್ತಾರೆ. ಅವಳು ಒಂದು ಮಾತೂ ಆಡದೆ ಮೇಜಿನ ಮೇಲೆ ಮಲಗುತ್ತಾಳೆ. ಒಡತಿಯ ರಕ್ತ ಕಂಡು ಗುರುಗುಡುವುದು ನಾಯಿ ಮಾತ್ರ. ಎಲ್ಲ ಮುಗಿದ ಮೇಲೆ ಏಲಿ ಮೆಲ್ಲಗೆ ಕೆಳಗಿಳಿಯುತ್ತಾಳೆ. ಡಾಕ್ಟರಿಗೂ ವಿದ್ಯಾರ್ಥಿಗಳಿಗೂ ತಲೆಬಾಗಿ, ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಾಳೆ. ಗಲಾಟೆ ಮಾಡುತ್ತಾ ಬಂದಿದ್ದ ಹುಡುಗರೆಲ್ಲ ಅಳುತ್ತಾರೆ.

ನಾಲ್ಕಾರು ದಿನಕ್ಕೆ ಗಾಯ ನಂಜಾಗಿ ಅವಳು ಸಾಯುತ್ತಾಳೆ. ಕಥೆ ಸ್ವಲ್ಪ ಜಾಸ್ತಿಯೇ ಅಳಿಸುತ್ತದೆ, ಒಪ್ಪುತ್ತೇನೆ. ಆದರೆ ಆ ಸಾವಿನ ಬಗೆ ನೆನಪಿಟ್ಟುಕೊಳ್ಳಿ. ಚಾಕು ಕೊಂದಿದ್ದಲ್ಲ. ಆಮೇಲಿನ ಜ್ವರ ಕೊಂದಿದ್ದು.

ಕವಿ ಕೀಟ್ಸ್ ಡಾಕ್ಟರ್ ಓದಿದ್ದನಂತೆ, ನಿಜವಾ?

ನಿಜ. ಮೊದಲು ಥಾಮಸ್ ಹ್ಯಾಮಂಡ್ ಎಂಬವರ ಕೈಕೆಳಗೆ ಕಲಿತ. 1815ರ ಅಕ್ಟೋಬರ್‌ನಲ್ಲಿ ಲಂಡನ್‌ನ ಗೈಸ್ ಆಸ್ಪತ್ರೆಗೆ ಸೇರಿದ. ಮರುವರ್ಷ ಡ್ರೆಸ್ಸರ್ ಆದ. ಅಂದರೆ ಗಾಯ ಕಟ್ಟುವುದು, ಆಪರೇಷನ್ ಮಾಡುವವರ ಪಕ್ಕ ನಿಲ್ಲುವುದು. 1816ರ ಜುಲೈನಲ್ಲಿ ಲೈಸೆನ್ಸ್ ಪರೀಕ್ಷೆಯೂ ಪಾಸು. ಅವನ ಪಾಲಿಗೆ ಬಂದ ಸರ್ಜನ್ ವಿಲಿಯಂ ಲೂಕಾಸ್‌ನ ಕೈಗುಣ ಅಷ್ಟಕ್ಕಷ್ಟೆ ಎಂದು ಆಗಲೇ ಹೆಸರಾಗಿತ್ತು. ಪಾಠದ ನೋಟ್‌ಬುಕ್ಕಿನ ಅಂಚಿನಲ್ಲಿ ಕೀಟ್ಸ್ ಹೂವು ಬಿಡಿಸಿದ್ದಾನೆ. ಹುಡುಗನ ಮನಸ್ಸು ಎಲ್ಲಿತ್ತು ಅಂತ ಅದೇ ಹೇಳುತ್ತದೆ, ಅಲ್ವಾ?

ಕೊನೆಗೆ ಚಾಕು ಕೆಳಗಿಟ್ಟ. ಆದರೆ ಕಲಿತದ್ದು ಬಿಟ್ಟು ಹೋಗಲಿಲ್ಲ. ತಮ್ಮ ಟಾಮ್‌ನನ್ನು ಕ್ಷಯ 1818ರಲ್ಲಿ ಒಯ್ದಿತ್ತು, ಆರೈಕೆ ಮಾಡಿದವನು ಇವನೇ. 1820ರ ಫೆಬ್ರವರಿ 3ರ ರಾತ್ರಿ ಕೆಮ್ಮಿದಾಗ ಹಾಸಿಗೆಯ ಬಟ್ಟೆಯ ಮೇಲೆ ರಕ್ತ. ಮೇಣದಬತ್ತಿ ತರಿಸಿ ಬಣ್ಣ ನೋಡಿದ. ಅದು ಯಾವ ರಕ್ತ, ಅದರ ಅರ್ಥ ಏನು ಎಂದು ಅವನಿಗೆ ತಕ್ಷಣ ತಿಳಿಯಿತು, ಗೆಳೆಯನಿಗೆ ಹೇಳಿಯೂ ಬಿಟ್ಟ. ಒಂದು ವರ್ಷದ ಮೇಲೆ ರೋಮ್‌ನಲ್ಲಿ ತೀರಿಕೊಂಡ. 25 ವರ್ಷ. ಬೇರೆ ಕವಿಯಾಗಿದ್ದರೆ ಇನ್ನೊಂದಿಷ್ಟು ತಿಂಗಳು ಸುಮ್ನೆ ನೆಗಡಿ ಎಂದುಕೊಂಡು ಇರಬಹುದಿತ್ತು. ಇವನಿಗೆ ಆ ಸಮಾಧಾನವೂ ಸಿಗಲಿಲ್ಲ.

‘ಜೇನ್ ಐರ್’ ಕಾದಂಬರಿಗೂ ಕಣ್ಣಿನ ಆಪರೇಷನ್‌ಗೂ ಸಂಬಂಧ ಇದೆ ಅಂತಾರೆ?

ಇದೆ. 1846ರ ಆಗಸ್ಟ್ 25ರಂದು ಮ್ಯಾಂಚೆಸ್ಟರ್‌ನಲ್ಲಿ ಶಾರ್ಲೆಟ್ ಬ್ರಾಂಟೆಯ ತಂದೆ ಪ್ಯಾಟ್ರಿಕ್‌ಗೆ ಕಣ್ಣಿನ ಪೊರೆ ತೆಗೆದರು. ಅವರಿಗೆ 69 ವರ್ಷ. ಎಚ್ಚರವಾಗಿಯೇ, ಅಲುಗಾಡದೆ ಸುಮಾರು ಕಾಲು ಗಂಟೆ ಕೂತಿದ್ದರು. ಪಕ್ಕದಲ್ಲಿ ಮಗಳು. ಆಮೇಲೆ ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿರಬೇಕು, ಮಾತೂ ಜಾಸ್ತಿ ಆಡಬಾರದು. ಶಾರ್ಲೆಟ್‌ಗೋ ಹಲ್ಲುನೋವು. ಮೊದಲ ಕಾದಂಬರಿಯನ್ನು ಪ್ರಕಾಶಕರು ಬೇಡ ಎಂದು ವಾಪಸ್ ಕಳಿಸಿದ ಕಟ್ಟು ಅದೇ ದಿನ ಬೆಳಗ್ಗೆ ಕೈಗೆ ಬಂದಿತ್ತು ಎಂದು ಅವಳ ಜೀವನಚರಿತ್ರೆ ಬರೆದ ಎಲಿಜಬೆತ್ ಗ್ಯಾಸ್ಕೆಲ್ ಹೇಳುತ್ತಾಳೆ. ಆ ಬಾಡಿಗೆ ಮನೆಯಲ್ಲಿ, ಆ ಮೌನದಲ್ಲಿ ಕೂತು ಅವಳು ‘ಜೇನ್ ಐರ್’ ಶುರುಮಾಡಿದಳು. ಕಾದಂಬರಿಯ ಕೊನೆಯಲ್ಲಿ ಕುರುಡನಾದ ರಾಚೆಸ್ಟರ್‌ಗೆ ಒಂದು ಕಣ್ಣು ಮೆಲ್ಲಗೆ ಕಾಣತೊಡಗುವುದು ಎಲ್ಲಿಂದ ಬಂತು ಎಂದು ಇನ್ನು ಹೇಳಬೇಕಿಲ್ಲ.

ಇಲ್ಲಿ ಹೊಟ್ಟೆ ಉರಿಸುವ ಇನ್ನೊಂದು ಸಂಗತಿ ಇದೆ. ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಆಪರೇಷನ್ ಮಾಡಿ ತೋರಿಸಿದ್ದು ಅದೇ ವರ್ಷ ಅಕ್ಟೋಬರ್ 16ಕ್ಕೆ. ಎರಡು ತಿಂಗಳೂ ಅಂತರವಿಲ್ಲ.

ಹಾಗಾದರೆ ಅರಿವಳಿಕೆ ಕಂಡುಹಿಡಿದವರು ಯಾರು?

ಇದಕ್ಕೆ ಒಂದೇ ಹೆಸರು ಹೇಳಿದರೆ ಜಗಳ ಶುರು. ಕಥೆಯನ್ನು ನಾನು ಕವಿಗಳಿಂದ ಶುರುಮಾಡುತ್ತೇನೆ.

1799ರಲ್ಲಿ ಬ್ರಿಸ್ಟಲ್‌ನಲ್ಲಿ ಹಂಫ್ರಿ ಡೇವಿ ಎಂಬ ಹುಡುಗ ನಗಿಸುವ ಅನಿಲದ ಮೇಲೆ ಪ್ರಯೋಗ ಮಾಡುತ್ತಿದ್ದ. ತಾನೂ ಉಸಿರಾಡಿದ, ಗೆಳೆಯರಿಗೂ ಕೊಟ್ಟ. ಗೆಳೆಯರು ಅಂದರೆ ಯಾರು? ಕವಿಗಳಾದ ಕೋಲ್‌ರಿಜ್ ಮತ್ತು ಸೌದಿ. ಎಲ್ಲರಿಗೂ ಒಳ್ಳೆ ಮಜಾ. ಈ ಅನಿಲ ನೋವು ಮರೆಸುತ್ತದೆ, ಆಪರೇಷನ್‌ಗೆ ಬಳಸಬಹುದು ಎಂದು ಡೇವಿ 1800ರಲ್ಲಿ ಪುಸ್ತಕದಲ್ಲೇ ಬರೆದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ! ಫ್ಯಾನಿ ಬರ್ನಿಯ ಚೀರಾಟ, ಏಲಿಯ ಮೌನ, ಪ್ಯಾಟ್ರಿಕ್ ಬ್ರಾಂಟೆಯ ಕಾಲು ಗಂಟೆ, ಮೂರೂ ಈ ನಡುವೆ ಸಿಕ್ಕಿಕೊಂಡವು. ನೋವನ್ನು ಸಹಿಸಬೇಕಾದದ್ದು ಎಂದುಕೊಂಡಿದ್ದರೇ ಹೊರತು ನಿಲ್ಲಿಸಬಹುದಾದದ್ದು ಎಂದು ಯಾರಿಗೂ ತೋಚಲಿಲ್ಲ.

ಆಮೇಲೆ ಅಮೆರಿಕದ ಹಲ್ಲಿನ ಡಾಕ್ಟರು ಹೊರೇಸ್ ವೆಲ್ಸ್ 1845ರಲ್ಲಿ ಅದೇ ಅನಿಲ ಬಳಸಿ ತೋರಿಸಲು ಹೋಗಿ ಸೋತ, ನಗೆಪಾಟಲಾದ. ಮರುವರ್ಷ ವಿಲಿಯಂ ಮಾರ್ಟನ್ ಈಥರ್ ಹಿಡಿದು ಗೆದ್ದ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅವನು ಮಲಗಿಸಿದ ರೋಗಿಯ ಕತ್ತಿನ ಗಡ್ಡೆಯನ್ನು ಸರ್ಜನ್ ವಾರನ್ ಕೊಯ್ದರು. ಆ ಸ್ಥಿತಿಗೆ ಒಂದು ಹೆಸರು ಬೇಕಲ್ಲ? ಇಂಗ್ಲಿಷಿನ ‘ಅನಸ್ತೇಸಿಯಾ’ ಎಂಬ ಮಾತನ್ನು 1846ರ ನವೆಂಬರ್‌ನಲ್ಲಿ ಮಾರ್ಟನ್‌ಗೆ ಕಾಗದ ಬರೆದು ಸೂಚಿಸಿದ್ದು ಆಲಿವರ್ ವೆಂಡೆಲ್ ಹೋಮ್ಸ್, ಡಾಕ್ಟರೂ ಹೌದು, ಕವಿಯೂ ಹೌದು. ನಮ್ಮ ‘ಅರಿವಳಿಕೆ’ ಅದಕ್ಕಿಂತ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ. ಅರಿವು ಅಳಿಯುವುದು, ಕೇಳಿದ ಕೂಡಲೇ ತಿಳಿಯುತ್ತದೆ.

1847ರಲ್ಲಿ ಎಡಿನ್‌ಬರೋದ ಡಾಕ್ಟರ್ ಸಿಂಪ್ಸನ್ ಕ್ಲೋರೋಫಾರ್ಮ್ ಎಂಬ ಇನ್ನೊಂದು ಅರಿವಳಿಕೆ ತಂದರು. ಹೆರಿಗೆ ನೋವು ದೇವರು ಕೊಟ್ಟದ್ದು, ತಪ್ಪಿಸಬಾರದು ಎಂದು ವಾದಿಸುವವರಿದ್ದರು. ಚಾರ್ಲ್ಸ್ ಡಿಕನ್ಸ್ ಕೇಳಲಿಲ್ಲ. 1849ರ ಜನವರಿಯಲ್ಲಿ ಹೆಂಡತಿ ಕ್ಯಾಥರೀನ್‌ಗೆ ಕ್ಲೋರೋಫಾರ್ಮ್ ಕೊಡಿಸಿಯೇ ಕೊಡಿಸಿದ. ವಿಕ್ಟೋರಿಯಾ ರಾಣಿ ಅದನ್ನು ತೆಗೆದುಕೊಂಡದ್ದು 1853ರಲ್ಲಿ. ಬಾಯಿ ಮುಚ್ಚಿಸಲು ಅದು ಸಾಕಾಯಿತು.

ಲಿಸ್ಟನ್, ಲಿಸ್ಟರ್ ಇಬ್ಬರೂ ಒಬ್ಬರೇನಾ?

ಅಲ್ಲ. ನಾನೂ ಒಮ್ಮೆ ಹತ್ತು ಜನರ ಮುಂದೆ ಮಾತಾಡುವಾಗ ಅದಲುಬದಲು ಮಾಡಿ ನಾಲಿಗೆ ಕಚ್ಚಿಕೊಂಡಿದ್ದೇನೆ. ರಾಬರ್ಟ್ ಲಿಸ್ಟನ್ ಹಳೇ ಕಾಲದ ವೇಗದ ಸರ್ಜನ್. ಕಾಲು ಕತ್ತರಿಸಲು ಮೂರು ನಿಮಿಷವೂ ಬೇಡ. ನೋವು ಕಡಿಮೆ ಮಾಡಲು ಆಗ ಇದ್ದ ಒಂದೇ ದಾರಿ ಬೇಗ ಮುಗಿಸುವುದು. 1846ರ ಡಿಸೆಂಬರ್ 21ರಂದು ಲಂಡನ್‌ನಲ್ಲಿ ಈಥರ್ ಕೊಟ್ಟು ಕಾಲು ತೆಗೆದದ್ದೂ ಇವನೇ. ಒಂದೇ ಆಪರೇಷನ್‌ನಲ್ಲಿ ರೋಗಿ, ಸಹಾಯಕ, ನೋಡುವವ ಮೂವರನ್ನೂ ಕೊಂದ ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಅದಕ್ಕೆ ಆ ಕಾಲದ ಆಧಾರ ಇಲ್ಲ, ನಂಬಬೇಡಿ. ಜೋಸೆಫ್ ಲಿಸ್ಟರ್ ಬೇರೆ. ನಂಜು ತಡೆದವನು.

ನೋವು ಹೋಯಿತು ಅಂದಮೇಲೆ ಆಪರೇಷನ್ ಸುಲಭವಾಯಿತಾ?

ಸುಲಭವಾಯಿತು, ಅಪಾಯ ಹೋಗಲಿಲ್ಲ. ರೋಗಿ ಒದ್ದಾಡದ ಕಾರಣ ಸರ್ಜನ್‌ಗಳು ಜಾಸ್ತಿ ಹೊತ್ತು, ಜಾಸ್ತಿ ಆಳಕ್ಕೆ ಕೈ ಹಾಕಿದರು. ಕೈ ಮಾತ್ರ ತೊಳೆಯಲಿಲ್ಲ. ಗಾಯದಲ್ಲಿ ಕೀವು ಬಂದರೆ ವಾಸಿಯಾಗುತ್ತಿದೆ ಎಂದೇ ಎಷ್ಟೋ ಜನ ನಂಬಿದ್ದರು.

ವಿಯೆನ್ನಾದ ಡಾಕ್ಟರ್ ಸೆಮ್ಮೆಲ್‌ವೈಸ್ ಕಥೆ ಕೇಳಿರುತ್ತೀರಿ. ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು. ಸೂಲಗಿತ್ತಿಯರು ನೋಡುವ ವಾರ್ಡಿನಲ್ಲಿ ಬಾಣಂತಿ ಜ್ವರದ ಸಾವು ಕಡಿಮೆ, ಡಾಕ್ಟರುಗಳ ವಾರ್ಡಿನಲ್ಲಿ ವಿಪರೀತ. ಯಾಕೆ? ಡಾಕ್ಟರುಗಳು ಬೆಳಗ್ಗೆ ಹೆಣ ಕೊಯ್ದ ಕೈಯಲ್ಲೇ ಬಸುರಿಯರನ್ನು ಮುಟ್ಟುತ್ತಿದ್ದರು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲು ಹೇಳಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಆದರೂ ದೊಡ್ಡವರು ಒಪ್ಪಲಿಲ್ಲ. ನಮ್ಮ ಕೈ ಕೊಲ್ಲುತ್ತದೆ ಎಂದು ಯಾವ ಡಾಕ್ಟರು ಒಪ್ಪಿಯಾನು? ಇದೇ ಮಾತನ್ನು ಆ ಕವಿ ಹೋಮ್ಸ್ 1843ರಲ್ಲೇ ಬರೆದು ಬೈಸಿಕೊಂಡಿದ್ದ.

ಸೆಮ್ಮೆಲ್‌ವೈಸ್ 1865ರ ಆಗಸ್ಟ್ 13ರಂದು ಹುಚ್ಚಾಸ್ಪತ್ರೆಯಲ್ಲಿ ಸತ್ತ. ಅದರ ಹಿಂದಿನ ದಿನ, ಆಗಸ್ಟ್ 12ರಂದು, ಗ್ಲಾಸ್ಗೋದಲ್ಲಿ ಲಿಸ್ಟರ್ ಒಬ್ಬ 11 ವರ್ಷದ ಹುಡುಗನ ಮುರಿದ ಕಾಲಿಗೆ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಆಸಿಡ್ ಹಾಕಿದ ಬಟ್ಟೆ ಸುತ್ತಿದ. ಗಾಡಿ ಹರಿದು ಮೂಳೆ ಚರ್ಮ ಸೀಳಿಕೊಂಡು ಹೊರಬಂದ ಗಾಯ. ಅಂಥದ್ದಕ್ಕೆ ಕಾಲು ಕತ್ತರಿಸುವುದೇ ರೂಢಿ. ಹುಡುಗನ ಕಾಲು ಉಳಿಯಿತು. ಎರಡು ತಾರೀಕು ಅಕ್ಕಪಕ್ಕ ಇರುವುದು ಕಾಕತಾಳೀಯ ಎಂದು ಗೊತ್ತು. ಆದರೂ ಪ್ರತಿ ಸಲ ಓದಿದಾಗ ಮೈ ಜುಂ ಎನ್ನುತ್ತದೆ.

ಲಿಸ್ಟರ್‌ನ ರೋಗಿಯೊಬ್ಬ ‘ಟ್ರೆಷರ್ ಐಲ್ಯಾಂಡ್’ನ ಒಂಟಿ ಕಾಲಿನ ಕಡಲ್ಗಳ್ಳ ಆದ ಕಥೆ ಏನು?

ಆ ರೋಗಿ ಕವಿ ವಿಲಿಯಂ ಅರ್ನೆಸ್ಟ್ ಹೆನ್ಲಿ. ಮೂಳೆಗೆ ಕ್ಷಯ ಹತ್ತಿ ಚಿಕ್ಕ ವಯಸ್ಸಿನಲ್ಲೇ ಎಡಗಾಲು ಹೋಗಿತ್ತು. ಬಲಗಾಲನ್ನೂ ತೆಗೆಯಬೇಕು ಎಂದರು. ಅವನು ಒಪ್ಪದೆ 1873ರಲ್ಲಿ ಎಡಿನ್‌ಬರೋಗೆ, ಲಿಸ್ಟರ್ ಹತ್ತಿರ ಹೋದ. ಸುಮಾರು 20 ತಿಂಗಳು ಹಾಸಿಗೆ. ಕಾಲು ಉಳಿಯಿತು. ಮಲಗಿದಲ್ಲೇ ಆಸ್ಪತ್ರೆಯ ಮೇಲೆ ಕವಿತೆಗಳನ್ನು ಬರೆದ. ಕಾರಿಡಾರಿನ ಚಳಿ, ನರ್ಸುಗಳು, ಆಪರೇಷನ್‌ಗೆ ಕಾಯುವಾಗಿನ ಪುಕುಪುಕು, ಕ್ಲೋರೋಫಾರ್ಮ್‌ನ ಸಿಹಿ ವಾಸನೆ, ಎಲ್ಲ ಇವೆ. ಹೂವು, ಚಂದ್ರ, ಪ್ರೇಮ ಅನ್ನುತ್ತಿದ್ದ ಕಾಲದಲ್ಲಿ ಇದು ಹೊಸ ಸರಕು.

1875ರಲ್ಲಿ ಅವನನ್ನು ನೋಡಲು ಬಂದವನು ಆರ್. ಎಲ್. ಸ್ಟೀವನ್ಸನ್, ಮುಂದೆ ‘ಟ್ರೆಷರ್ ಐಲ್ಯಾಂಡ್’ ಬರೆದವನು. ಇಬ್ಬರೂ ಗೆಳೆಯರಾದರು. ಹೆನ್ಲಿ ದೊಡ್ಡ ದೇಹದವನು, ಕೆಂಪು ಗಡ್ಡ, ಗುಡುಗಿನಂಥ ನಗು, ಕೈಯಲ್ಲಿ ಊರುಗೋಲು. 1883ರಲ್ಲಿ ‘ಟ್ರೆಷರ್ ಐಲ್ಯಾಂಡ್’ ಪುಸ್ತಕವಾಗಿ ಬಂತು. ಅದರ ಒಂಟಿ ಕಾಲಿನ ಕಡಲ್ಗಳ್ಳ ಲಾಂಗ್ ಜಾನ್ ಸಿಲ್ವರ್ ಹುಟ್ಟಿದ್ದು ನಿನ್ನನ್ನು ನೋಡಿಯೇ ಎಂದು ಸ್ಟೀವನ್ಸನ್ ಅವನಿಗೇ ಕಾಗದ ಬರೆದು ಒಪ್ಪಿಕೊಂಡ.

‘ಗ್ರಾಸ್ ಕ್ಲಿನಿಕ್’ ಚಿತ್ರದ ಬಗ್ಗೆ ಅಷ್ಟು ಗಲಾಟೆ ಯಾಕೆ?

ಈ ಪ್ರಶ್ನೆಗಾಗಿ ಕಾಯುತ್ತಿದ್ದೆ.

1875. ಫಿಲಡೆಲ್ಫಿಯಾ. ಚಿತ್ರಕಾರ ಥಾಮಸ್ ಈಕಿನ್ಸ್‌ಗೆ ಮೂವತ್ತರ ಆಸುಪಾಸು. ಎಂಟು ಅಡಿ ಎತ್ತರದ ಚಿತ್ರ. ನಡುವೆ ನಿಂತವರು ಡಾ. ಸ್ಯಾಮುಯೆಲ್ ಗ್ರಾಸ್, 70 ವರ್ಷ, ಬೆಳ್ಳಿ ಕೂದಲು, ಕಪ್ಪು ಕೋಟು. ಮನೆಯಿಂದ ನೇರ ಬಂದ ಹಾಗಿದ್ದಾರೆ. ತೊಡೆ ಮೂಳೆ ಕೊಳೆತ ಹುಡುಗನೊಬ್ಬನ ಆಪರೇಷನ್. ಗ್ರಾಸ್ ವಿದ್ಯಾರ್ಥಿಗಳ ಕಡೆ ತಿರುಗಿ ಏನೋ ವಿವರಿಸುತ್ತಿದ್ದಾರೆ. ಹಣೆಯ ಮೇಲೆ ಬೆಳಕು. ಬೆರಳುಗಳ ಮೇಲೆ ರಕ್ತ, ಕೆಂಪಗೆ, ಹಸಿಹಸಿಯಾಗಿ. ಹಿಂದೆ ಮೂಲೆಯಲ್ಲಿ ಕಪ್ಪು ಬಟ್ಟೆಯ ಹೆಂಗಸು ಕೈಗಳನ್ನು ಮುರುಟಿಸಿಕೊಂಡು ಮುಖ ಮುಚ್ಚಿಕೊಂಡಿದ್ದಾಳೆ. ರೋಗಿಯ ತಾಯಿ ಎಂದೇ ಎಲ್ಲರೂ ಹೇಳುವುದು.

ರೋಗಿ ಎಲ್ಲಿ? ಹುಡುಕಬೇಕು. ಸೀಳಿದ ತೊಡೆ ಕಾಣುತ್ತದೆ. ಕಾಲಿನಲ್ಲಿ ಸಾಕ್ಸ್ ಕಾಣುತ್ತದೆ. ಮುಖ ಕಾಣುವುದಿಲ್ಲ, ಅದರ ಮೇಲೆ ಅರಿವಳಿಕೆಯ ಬಟ್ಟೆ ಒತ್ತಿ ಹಿಡಿದಿದ್ದಾರೆ. ನನ್ನ ತಲೆಯಲ್ಲಿ ಬಹಳ ದಿನದಿಂದ ಕೂತಿರುವ ಮಾತು ಇದೇ. ಈ ಶತಮಾನದಲ್ಲಿ ಚಿತ್ರಕಾರ ಡಾಕ್ಟರ ಪಕ್ಕ ನಿಂತ, ಬರೆಯುವವರು ರೋಗಿಯ ಪಕ್ಕ ಕೂತರು, ಇಲ್ಲವೇ ತಾವೇ ಆ ಮೇಜಿನ ಮೇಲೆ ಮಲಗಿದರು. ಫ್ಯಾನಿ ಬರ್ನಿ ಕರವಸ್ತ್ರದ ಒಳಗಿನಿಂದ ನೋಡಿದಳು. ಈಕಿನ್ಸ್ ಬಟ್ಟೆಯ ಹೊರಗೆ ನಿಂತು ನೋಡಿದ. ಇದಕ್ಕೆ ಅಪವಾದಗಳಿವೆ, ಗೊತ್ತು. ಆದರೂ ಎರಡನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಆ ಕೋಣೆ ಪೂರ್ತಿ ಕಾಣುತ್ತದೆ.

ಗಲಾಟೆಗೆ ಬರೋಣ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ನೂರನೇ ವರ್ಷದ ದೊಡ್ಡ ವಸ್ತುಪ್ರದರ್ಶನ. ಕಲಾ ವಿಭಾಗದವರು ಈ ಚಿತ್ರ ಬೇಡ ಎಂದರು. ಕೊನೆಗೆ ಸೈನ್ಯದ ಮಾದರಿ ಆಸ್ಪತ್ರೆಯಲ್ಲಿ, ಮಂಚಗಳ ಜೊತೆ ತೂಗುಹಾಕಿದರು. ಆ ರಕ್ತವನ್ನು ಡ್ರಾಯಿಂಗ್ ರೂಮಿನ ಜನ ನೋಡಲಾರರು ಎಂಬ ಆಕ್ಷೇಪ. ಆಮೇಲೆ ಗ್ರಾಸ್ ಪಾಠ ಮಾಡುತ್ತಿದ್ದ ಕಾಲೇಜಿಗೆ 200 ಡಾಲರಿಗೆ ಹೋಯಿತು. 2006ರಲ್ಲಿ ಆ ಸಂಸ್ಥೆ ಮಾರಲು ಹೊರಟಾಗ ಬೆಲೆ 6.8 ಕೋಟಿ ಡಾಲರ್. ಚಿತ್ರ ಊರು ಬಿಟ್ಟು ಹೋಗಬಾರದೆಂದು ಫಿಲಡೆಲ್ಫಿಯಾದ ಜನ ಹಣ ಕೂಡಿಸಿ ಉಳಿಸಿಕೊಂಡರು.

ಅದೇ ಈಕಿನ್ಸ್‌ನ ಇನ್ನೊಂದು ಚಿತ್ರದಲ್ಲಿ ಎಲ್ಲರೂ ಬಿಳಿ ಬಟ್ಟೆಯಲ್ಲಿದ್ದಾರಲ್ಲ?

ಅದು 1889ರ ‘ಆಗ್ನ್ಯೂ ಕ್ಲಿನಿಕ್’. ನಿವೃತ್ತರಾಗುವ ಗುರು ಆಗ್ನ್ಯೂ ಅವರಿಗಾಗಿ ವಿದ್ಯಾರ್ಥಿಗಳು 750 ಡಾಲರ್ ಕೊಟ್ಟು ಮಾಡಿಸಿದ್ದು. ನಡುವೆ 14 ವರ್ಷ ಅಷ್ಟೇ. ಲಿಸ್ಟರ್ 1876ರಲ್ಲಿ ಫಿಲಡೆಲ್ಫಿಯಾಗೇ ಬಂದು ಭಾಷಣ ಮಾಡಿ ಹೋಗಿದ್ದ. ಆ ಸಮ್ಮೇಳನದ ಅಧ್ಯಕ್ಷತೆ ಅದೇ ಗ್ರಾಸ್ ಅವರದು, ಅವರಿಗೆ ನಂಜಿಗೆ ಕ್ರಿಮಿ ಕಾರಣ ಎಂಬ ಮಾತಿನಲ್ಲಿ ನಂಬಿಕೆ ಇರಲಿಲ್ಲ. 1889ಕ್ಕೆ ಬನ್ನಿ: ಡಾಕ್ಟರುಗಳೆಲ್ಲ ಬಿಳಿ. ಮುಖ ಮುಚ್ಚಿಕೊಳ್ಳುವ ತಾಯಿಯ ಬದಲು ನೆಟ್ಟಗೆ ನಿಂತ ತರಬೇತಿ ಪಡೆದ ನರ್ಸು. ರಕ್ತ ಹೆಚ್ಚುಕಡಿಮೆ ಇಲ್ಲ. ಇದೂ ಸ್ತನದ ಆಪರೇಷನ್, ಬರ್ನಿಗೆ ಆದದ್ದೇ. ರೋಗಿಯ ಮುಖ ಇಲ್ಲಿ ಸ್ವಲ್ಪ ಕಾಣುತ್ತದೆ, ನಿದ್ದೆಯಲ್ಲಿದ್ದಾಳೆ.

ಕೈ ನೋಡಿ. ಗ್ಲವ್ಸ್ ಇಲ್ಲ. ಅವು ಬಂದದ್ದು ಆ ಹೊತ್ತಿಗೇ, ಬಾಲ್ಟಿಮೋರ್‌ನಲ್ಲಿ. ಔಷಧದ ನೀರಿಗೆ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಳ ಕೈ ಚರ್ಮ ಸುಲಿಯುತ್ತಿತ್ತು. ಸರ್ಜನ್ ಹಾಲ್‌ಸ್ಟೆಡ್ ಅವಳಿಗಾಗಿ ರಬ್ಬರ್ ಗ್ಲವ್ಸ್ ಮಾಡಿಸಿದ. 1890ರಲ್ಲಿ ಇಬ್ಬರೂ ಮದುವೆಯಾದರು.

ಹೆಣ ಕದಿಯುವವರ ಕಥೆಗಳು ಬರೀ ಕಲ್ಪನೆಯಾ?

ಅಲ್ಲವೇ ಅಲ್ಲ. ಬ್ರಿಟನ್ನಿನಲ್ಲಿ ವೈದ್ಯ ಕಾಲೇಜುಗಳಿಗೆ ಕೊಯ್ದು ಕಲಿಯಲು ಕಾನೂನಿನಂತೆ ಸಿಗುತ್ತಿದ್ದದ್ದು ಗಲ್ಲಿಗೇರಿಸಿದ ಕೊಲೆಗಾರರ ದೇಹ ಮಾತ್ರ. ವಿದ್ಯಾರ್ಥಿಗಳು ಜಾಸ್ತಿ, ಹೆಣ ಕಡಿಮೆ. ಹೂತವರನ್ನು ರಾತ್ರಿ ಅಗೆದು ಮಾರುವ ದಂಧೆ ಬೆಳೆಯಿತು. ನಮ್ಮಲ್ಲಿ ಹೆಣ ಕಾಯುವುದು ಒಂದು ರಾತ್ರಿ. ಅಲ್ಲಿ ಹೂತ ಮೇಲೂ ವಾರಗಟ್ಟಲೆ ಸಮಾಧಿ ಕಾಯಬೇಕಿತ್ತು, ಕಬ್ಬಿಣದ ಪಂಜರವನ್ನೂ ಇಡುತ್ತಿದ್ದರು.

ಎಡಿನ್‌ಬರೋದ ಬರ್ಕ್ ಮತ್ತು ಹೇರ್ ಅಗೆಯುವ ಕಷ್ಟವೇ ಬೇಡ ಎಂದುಕೊಂಡರು. 16 ಜನರನ್ನು ಕೊಂದು ರಾಬರ್ಟ್ ನಾಕ್ಸ್ ಎಂಬ ಅಂಗರಚನೆ ಮೇಷ್ಟ್ರಿಗೆ ಮಾರಿದರು. 1829ರ ಜನವರಿಯಲ್ಲಿ ಬರ್ಕ್‌ನನ್ನು ಗಲ್ಲಿಗೇರಿಸಿ ಅವನನ್ನೇ ಕೊಯ್ದರು. ಅಸ್ಥಿಪಂಜರ ಇನ್ನೂ ಎಡಿನ್‌ಬರೋದಲ್ಲಿದೆ. ಹೇರ್ ಸಾಕ್ಷಿ ಹೇಳಿ ತಪ್ಪಿಸಿಕೊಂಡ. ನಾಕ್ಸ್ ಮೇಲೆ ಮೊಕದ್ದಮೆಯೇ ಆಗಲಿಲ್ಲ. ಸ್ಟೀವನ್ಸನ್ 1884ರಲ್ಲಿ ಈ ಮೇಷ್ಟ್ರನ್ನು ‘ಕೆ’ ಎಂದಷ್ಟೇ ಕರೆದು ಕಥೆ ಬರೆದ. ಡಿಕನ್ಸ್‌ನ ‘ಎ ಟೇಲ್ ಆಫ್ ಟೂ ಸಿಟೀಸ್’ನ ಜೆರ್ರಿ ಕ್ರಂಚರ್‌ನ ರಾತ್ರಿ ಕಸುಬೂ ಇದೇ.

1832ರ ಕಾನೂನು ದಂಧೆ ನಿಲ್ಲಿಸಿತು. ಹೇಗೆ? ಬಡವರ ಆಶ್ರಯಮನೆಯಲ್ಲಿ ಸತ್ತು, ಕೇಳುವವರಿಲ್ಲದ ದೇಹಗಳನ್ನು ಕಾಲೇಜಿಗೆ ಕೊಡಿ ಎಂದಿತು. ಕೊಲೆಗಾರರಿಗೆ ಇದ್ದ ಶಿಕ್ಷೆ ಬಡವರಿಗೆ ಬಂತು.

ಫ್ಲೋಬೇರ್‌ನ ‘ಮದಾಂ ಬೊವಾರಿ’ಯಲ್ಲಿ ಬರುವ ಕಾಲಿನ ಆಪರೇಷನ್ ನಿಜವಾದ ವೈದ್ಯವಾ?

ತುಂಬಾ ನಿಜ. ಫ್ಲೋಬೇರ್‌ನ ತಂದೆ ರೂವಾನ್ ಊರಿನ ದೊಡ್ಡ ಆಸ್ಪತ್ರೆಯ ಮುಖ್ಯ ಸರ್ಜನ್. ಮನೆಯೂ ಆಸ್ಪತ್ರೆಯಲ್ಲೇ. ಚಿಕ್ಕವನಿದ್ದಾಗ ತಂಗಿಯ ಜೊತೆ ತೋಟದ ಬೇಲಿ ಹತ್ತಿ ಹೆಣ ಕೊಯ್ಯುವ ಕೋಣೆಗೆ ಇಣುಕುತ್ತಿದ್ದ. ಕಾದಂಬರಿಗಾಗಿ ಸೊಟ್ಟಗಾಲಿನ ಚಿಕಿತ್ಸೆಯ ವೈದ್ಯಗ್ರಂಥವನ್ನೇ ಓದಿದ. ಹೆಸರು ಮಾಡುವ ಆಸೆಗೆ ಬಿದ್ದ ಹಳ್ಳಿ ಡಾಕ್ಟರು ಶಾರ್ಲ್, ನಡೆದಾಡಿಕೊಂಡಿದ್ದ ಸೊಟ್ಟಗಾಲಿನ ಹಿಪ್ಪೊಲಿಟ್‌ನ ಹಿಮ್ಮಡಿಯ ಸ್ನಾಯುರಜ್ಜು ಕತ್ತರಿಸಿ ಪೆಟ್ಟಿಗೆಯಲ್ಲಿ ಕಾಲು ಬಿಗಿಯುತ್ತಾನೆ. ಕಾಲು ಕೊಳೆಯುತ್ತದೆ, ತೊಡೆವರೆಗೆ ಕತ್ತರಿಸಬೇಕಾಗುತ್ತದೆ. 1869ರ ಒಂದು ವ್ಯಂಗ್ಯಚಿತ್ರದಲ್ಲಿ ಫ್ಲೋಬೇರ್ ಏಪ್ರನ್ ಕಟ್ಟಿಕೊಂಡು, ಕಾದಂಬರಿಯ ನಾಯಕಿ ಎಮ್ಮಾಳ ಹೃದಯವನ್ನು ಚಾಕುವಿನ ತುದಿಯಲ್ಲಿ ಎತ್ತಿ ಹಿಡಿದಿದ್ದಾನೆ.

ಪತ್ತೇದಾರ ಶರ್ಲಾಕ್ ಹೋಮ್ಸ್ ಪಾತ್ರಕ್ಕೂ ಡಾಕ್ಟರೊಬ್ಬರು ಮೂಲವಾ?

ಹೌದು, ಮೂಲ ಡಾಕ್ಟರೇ. ಎಡಿನ್‌ಬರೋದ ಜೋಸೆಫ್ ಬೆಲ್. ಒಳಗೆ ಬಂದ ರೋಗಿಯ ನಡಿಗೆ, ಕೈ, ಬೂಟು ನೋಡಿಯೇ ಕಸುಬು ಹೇಳುತ್ತಿದ್ದರು. ಹೋಮ್ಸ್‌ನ ಕಥೆಗಳನ್ನು ಬರೆದ ಕಾನನ್ ಡಾಯ್ಲ್ ಈ ಬೆಲ್‌ರ ವಿದ್ಯಾರ್ಥಿಯಾಗಿದ್ದ.

ಇದರಲ್ಲಿ ನಮ್ಮ ಕರ್ನಾಟಕ ಎಲ್ಲಾದರೂ ಬರುತ್ತದಾ?

ಬರುತ್ತದೆ, ಅದೂ ಶತಮಾನದ ಶುರುವಿನಲ್ಲೇ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರ ಮೂವರು ಹೆಂಗಸರ ದೊಡ್ಡ ತೈಲಚಿತ್ರ ಬರೆದ. ಮೈತುಂಬ ಒಡವೆ, ರೇಷ್ಮೆ. ನರ್ತಕಿಯರು ಇರಬೇಕು ಎಂದು ಬಹಳ ಕಾಲ ಅಂದುಕೊಂಡಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೆ ಮಾತು ಹೇಳಿದರು. ಇವರು ಮೈಸೂರು ಅರಮನೆಯ ರಾಣಿಯರು, ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿಯಲು ಬಂದ ದೇವಾಜಮ್ಮಣ್ಣಿ. ಅವಳು ಸೆರಗು ಸರಿಸಿ ತೋಳು ತೋರಿಸುವ ಹಾಗಿದೆ. ಸಿಡುಬಿನ ಲಸಿಕೆ ಚುಚ್ಚಿಸಿಕೊಂಡ ಜಾಗ ಅದು ಎಂದು ಅವರ ವಾದ. ಹಸುವಿನ ಸಿಡುಬಿನಿಂದ ಬಂದ ಆ ಲಸಿಕೆ ಭಾರತಕ್ಕೆ ಬಂದು ಆಗ ಮೂರೇ ವರ್ಷ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಮೊದಲು ಹಾಕಿದ್ದು. ‘ಅಮ್ಮ’ ಬಂದಳು ಎಂದು ಹೆದರುವ ಜನರಿಗೆ ರಾಣಿಯ ತೋಳಿಗಿಂತ ಒಳ್ಳೆ ಜಾಹೀರಾತು ಯಾವುದಿದೆ? ಇದನ್ನು ಎಲ್ಲ ಪಂಡಿತರೂ ಒಪ್ಪಬೇಕೆಂದಿಲ್ಲ. ನನಗೆ ಮಾತ್ರ ಆ ಸೆರಗು ಸುಮ್ನೆ ಸರಿದ ಹಾಗೆ ಕಾಣುವುದಿಲ್ಲ. ಈ ಚಿತ್ರದಲ್ಲಿ ಡಾಕ್ಟರೇ ಇಲ್ಲ ಎನ್ನುವುದೂ ಗಮನಿಸಿ.

ಇನ್ನೊಬ್ಬ ರೊನಾಲ್ಡ್ ರಾಸ್. ಕವಿತೆಯ ಹುಚ್ಚಿನ ಮಿಲಿಟರಿ ಡಾಕ್ಟರು, ಹುಟ್ಟಿದ್ದು ಆಲ್ಮೋರಾದಲ್ಲಿ. 1883ರಲ್ಲಿ ಬೆಂಗಳೂರಿಗೆ ಬಂದಾಗ ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಜಿಗುಡುವುದು ಕಂಡು ಚೆಲ್ಲಿಸಿದ. ಕಾಟ ಕಡಿಮೆಯಾಯಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿ ಕಂಡಾಗ ಅವನು ಅದರ ಮೇಲೆ ಒಂದು ಪದ್ಯವನ್ನೂ ಬರೆದ. 1902ರಲ್ಲಿ ನೊಬೆಲ್ ಬಂತು, ಪದ್ಯಕ್ಕಲ್ಲ.

ಇವನ್ನೆಲ್ಲ ಎಲ್ಲಿ ನೋಡಬಹುದು?

‘ಗ್ರಾಸ್ ಕ್ಲಿನಿಕ್’ ಫಿಲಡೆಲ್ಫಿಯಾದ ಎರಡು ಕಲಾ ಸಂಸ್ಥೆಗಳ ಜಂಟಿ ಸೊತ್ತು, ಹೋಗುವ ಮುಂಚೆ ಈಗ ಯಾರ ಹತ್ತಿರ ಇದೆ ಎಂದು ಕೇಳಿಕೊಳ್ಳಿ. ಈಥರ್ ಕೊಟ್ಟ ಕೋಣೆ ಬಾಸ್ಟನ್‌ನಲ್ಲಿ ಹಾಗೇ ಇದೆ. ಲಂಡನ್‌ಗೆ ಹೋದವರು ಲಂಡನ್ ಬ್ರಿಜ್ ಸ್ಟೇಷನ್ ಹತ್ತಿರದ ಆ ಚರ್ಚಿನ ಅಟ್ಟಕ್ಕೆ ಹೋಗಿ. ಮೇಜು, ಸಾಲುಗಳು, ಮರದ ಪುಡಿಯ ಪೆಟ್ಟಿಗೆ ಎಲ್ಲ ಇವೆ. ಮಂಡಿ ನೋವಿದ್ದರೆ ಯೋಚಿಸಿ. ಸುರುಳಿ ಮೆಟ್ಟಿಲು, ಕಿರಿದು, ಒಟ್ಟು 52.